ಸಂಜೆ ಎಂದು ಗುರುತು ಹಾಕಿದ ಚೀಟಿ

ಆ ವರ್ಷದ ಚಳಿಗಾಲವನ್ನು ನಾನು ಅರೆನಿದ್ದೆಯಲ್ಲೇ ಕಳೆದೆ ಎನ್ನಬೇಕು. ಬೆಳಗ್ಗೆ ಸೇಡಂ ಬಸ್ ನಿಲ್ದಾಣದಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೂತರೆ, ಊರು ದಾಟುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು. ಎಚ್ಚರವಾದಾಗ ಹೊರಗೆ ಹಳದಿ ಹೂಬಿಟ್ಟ ತೊಗರಿ ಹೊಲ. ಕಣ್ಣು ಮುಚ್ಚಿ ಮತ್ತೆ ತೆರೆದರೆ ಮತ್ತದೇ ತೊಗರಿ, ಅದೇ ಹಳದಿ. ಬಂದದ್ದು ಆಡಕಿಯೋ ಮುಧೋಳವೋ ತಿಳಿಯದೆ ಕಂಡಕ್ಟರನನ್ನು ಕೇಳಿ ಬೈಸಿಕೊಂಡದ್ದೂ ಉಂಟು. "ಯಕ್ಕಾ, ಟಿಕೀಟ್ ಪುಕ್ಕಟ ಅಂತ ನಿದ್ದಿನೂ ಪುಕ್ಕಟ ಹೊಡಿಲಿಕತ್ತೀರಲ್ಲ!" ಎಂದು ಅವನು ನಕ್ಕರೆ, "ನಿನ್ನ ಗಂಟೇನು ಹೋತು, ಸುಮ್ಕ ಊರು ಬಂದಾಗ ಎಬ್ಬಸು" ಎಂದು ನಾನೂ ಬಿಡುತ್ತಿರಲಿಲ್ಲ.

ಕೆಲಸ ದೊಡ್ಡದೇನಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಕಡೆ ಆರೋಗ್ಯ ಸಮೀಕ್ಷೆಯ ಆಫೀಸಿನವರು ಚೀಟಿ ಎತ್ತಿದಂತೆ ಕೆಲವು ಮನೆಗಳನ್ನು ಆರಿಸಿ ಪಟ್ಟಿ ಕಳಿಸುತ್ತಿದ್ದರು. ನಾನು ಆ ಮನೆಗಳಿಗೆ ಹೋಗಿ, ನಿಮ್ಮ ಆರೋಗ್ಯದ ಬಗ್ಗೆ ಫೋನಿನಲ್ಲಿ ನಾಲ್ಕು ಮಾತು ಕೇಳುತ್ತಾರೆ, ಇಷ್ಟವಿದ್ದರೆ ಮಾತ್ರ ಹೇಳಿ, ಇಲ್ಲದಿದ್ದರೆ ಒತ್ತಾಯವಿಲ್ಲ ಎಂದು ತಿಳಿಸಬೇಕು. ಒಪ್ಪಿದವರ ನಂಬರು ಬರೆದುಕೊಳ್ಳಬೇಕು. ಆಮೇಲೆ ಒಂದು ಗುಲಾಬಿ ಚೀಟಿಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂಬ ಮೂರು ಖಾನೆಗಳ ಪೈಕಿ ಫೋನ್ ಬರಬೇಕಾದ ಹೊತ್ತಿಗೆ ಗುರುತು ಹಾಕಿ ಕೊಟ್ಟು ಬರಬೇಕು. ರೋಗದ ವಿಷಯ ನಾನು ಕೇಳುವಂತಿಲ್ಲ, ಅವರಾಗಿ ಹೇಳಿದರೂ ಬರೆಯುವಂತಿಲ್ಲ. ಅದು ಫೋನ್ ಮಾಡುವವಳ ಕೆಲಸ. ಯಾರಾದರೂ ಡಾಕ್ಟರಿಗೆ ತೋರಿಸಲೇಬೇಕಾದ ಮಾತು ಹೇಳಿದರೆ, ಯಾವ ದವಾಖಾನೆಗೆ ಯಾವತ್ತು ಹೋಗಬೇಕು ಎಂಬುದನ್ನು ಅವಳೇ ತಿಳಿಸುತ್ತಿದ್ದಳು.

ಆ ಫೋನಿನವಳನ್ನು ನಾನು ಇವತ್ತಿಗೂ ನೋಡಿಲ್ಲ. ತರಬೇತಿಯ ದಿನ ಒಂದು ಸಲ ಧ್ವನಿ ಕೇಳಿಸಿದ್ದರು. ಮೆತ್ತನೆಯ, ಯಾವ ಅವಸರವೂ ಇಲ್ಲದ ಧ್ವನಿ. ಸಂಜೆ ಊರಿಗೆ ಮರಳುವ ಬಸ್ಸಿನಲ್ಲಿ ತಲೆಯನ್ನು ಕಿಟಕಿಗೆ ಆನಿಸಿಕೊಂಡು ನಾನು ಅವಳ ಬಗ್ಗೆಯೇ ಕನಸು ಕಾಣುತ್ತಿದ್ದೆ. ಈಗ ಚಿತ್ತಾಪುರದಲ್ಲಿ ಒಂದು ಫೋನ್ ರಿಂಗಾಗುತ್ತಿರಬೇಕು, ಈಗ ವಾಡಿಯಲ್ಲಿ, ಈಗ ಚಿಂಚೋಳಿ ಕಡೆಯ ಕೊಡ್ಲಿ ಎಂಬ ಹಳ್ಳಿಯ ಒಬ್ಬ ಅಜ್ಜನ ಮನೆಯಲ್ಲಿ. ಹಗಲು ನಾನು ಮೆಟ್ಟಿದ ಹೊಸ್ತಿಲುಗಳನ್ನೆಲ್ಲ ಸಂಜೆ ಆ ಧ್ವನಿ ಒಂದೊಂದಾಗಿ ದಾಟಿ ಹೋಗುತ್ತಿದೆ, ಯಾರೂ ಯಾವತ್ತೂ ಕೇಳದಿದ್ದ ಬೇನೆಗಳನ್ನು ಕೂತು ಕೇಳುತ್ತಿದೆ ಎಂದು ಅನಿಸುತ್ತಿತ್ತು. ಹಾಗೆ ಅಂದುಕೊಂಡರೆ ಎದೆಯೊಳಗೆ ಏನೋ ಹಿತವಾಗಿ, ಮತ್ತೆ ನಿದ್ದೆ ಹತ್ತುತ್ತಿತ್ತು.

ಜನರಿಗೆ ಅರ್ಥವಾಗದೆ ಉಳಿಯುತ್ತಿದ್ದದ್ದು "ಇಷ್ಟ ಇದ್ರ" ಎಂಬ ಮಾತು. ಕೊಡ್ಲಿಯ ಅಜ್ಜನಂತೂ ಕಂಬಳಿಯ ಮೇಲೆ ಕೂತವನು ನನ್ನನ್ನೇ ದಿಟ್ಟಿಸಿ ನೋಡಿದ.

"ಇಷ್ಟ ಅದನೋ ಇಲ್ಲೋ ಅಂತ ನನಗ ಯಾರೂ ಕೇಳಿಲ್ಲವ್ವಾ. ನನ್ನ ಲಗ್ನಕ್ಕೂ ಕೇಳಿಲ್ಲ. ನೀ ಯಾಕ ಕೇಳ್ಲಿಕತ್ತಿ?"

"ಕೇಳಬೇಕಂತ ಕಾಯ್ದೆ ಅದರೀ ಅಜ್ಜಾ."

"ಹಂಗಾರ ಬರ್ಕೋ. ಕೇಳಿದಿ ಅಂತ ಇಷ್ಟ ಆತು."

ಒಳಗಿನಿಂದ ಅವನ ಹೆಂಡತಿ, "ಆ ಮುದುಕಗೇನು ತಿಳಿತದ್ರಿ, ಬರ್ರಿ ಕುಂದ್ರಿ, ಚಾ ಕುಡಿರಿ" ಎಂದು ಕೂಗಿದಳು. ಚಹಾ ಬೇಡ ಎಂದರೆ ಯಾವ ಮನೆಯಲ್ಲೂ ನಡೆಯುತ್ತಿರಲಿಲ್ಲ. ದಿನಕ್ಕೆ ಎಂಟು ಹತ್ತು ಕಪ್ಪು ಕುಡಿದು ನನ್ನ ಹೊಟ್ಟೆ ಉರಿಯುತ್ತಿತ್ತು. ಊರವರ ಆರೋಗ್ಯ ವಿಚಾರಿಸುವ ಕೆಲಸದಲ್ಲಿ ನನ್ನ ಆರೋಗ್ಯ ಕೆಟ್ಟಿತು ಎಂದು ಮನೆಯಲ್ಲಿ ನಮ್ಮವರು ನಗುತ್ತಿದ್ದರು.

ಸಂಜೆಯ ಖಾನೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಹೊತ್ತು ಯಾವುದಿರಲಿ ಎಂದು ಮನೆಯವರನ್ನು ಕೇಳಿ ಗುರುತು ಹಾಕಬೇಕು ಎಂದು ನಿಯಮ. ಕೇಳಿದರೆ ಎಲ್ಲರೂ "ನೀವೇ ಹಾಕ್ರಿ" ಎನ್ನುವವರೇ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಈ ಕಡೆ ಬಹಳ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಇರುವುದು ಗಂಡಸಿನ ಜೇಬಿನಲ್ಲಿ. ಗಂಡಸು ಮನೆಗೆ ಬಂದಾಗಲೇ ಫೋನೂ ಮನೆಗೆ ಬರುತ್ತದೆ. ಹಾಗಾಗಿ ಕೊಟ್ಟ ಚೀಟಿಗಳಲ್ಲೆಲ್ಲ ಸಂಜೆಯ ಖಾನೆಗೇ ಗುರುತು ಹಾಕುತ್ತ ಹೋದೆ. ಆರೂವರೆಯಿಂದ ಏಳೂವರೆ. ಫೋನ್ ಸಿಗುವುದೂ ಖಾತ್ರಿ, ಹೆಂಗಸರು ಸಿಗುವುದೂ ಖಾತ್ರಿ ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ವಾಡಿಯ ಆ ಮನೆಗೆ ಹೋದದ್ದು ಅಂಥದ್ದೇ ಒಂದು ಮಧ್ಯಾಹ್ನ. ರೈಲ್ವೆ ಹಳಿಯ ಆಚೆಗಿನ ಓಣಿ. ಸಿಮೆಂಟಿನ ಧೂಳು ತೆಳ್ಳಗೆ ಗಾಳಿಯಲ್ಲಿ ನಿಂತು ಬಿಸಿಲೂ ಮಸುಕಾಗಿತ್ತು. ದೂರದಲ್ಲಿ ಯಾವುದೋ ಗಾಡಿ ಬರುತ್ತದೆಂದು ಸ್ಟೇಷನ್ನಿನ ಹೆಣ್ಣುದನಿ ಮೂರು ಭಾಷೆಯಲ್ಲಿ ಹೇಳುತ್ತಿತ್ತು, ಓಣಿಯಲ್ಲಿ ಒಂದು ನಾಯಿಯೂ ಅಲುಗುತ್ತಿರಲಿಲ್ಲ. ಒಳಗೆ ಕಾಲಿಟ್ಟರೆ ಶಹಾಬಾದಿನ ಫರಸಿಕಲ್ಲು ಹಾಸಿದ ನೆಲ, ತಣ್ಣಗೆ. ಅದರ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸೊಸೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೂವತ್ತೆರಡು ಮೂವತ್ತಮೂರರ ಹೆಣ್ಣುಮಗಳು. ಗಂಡ ಲಾರಿಗೆ ಸಿಮೆಂಟ್ ಚೀಲ ತುಂಬುವ ಕೆಲಸಕ್ಕೆ ಹೋಗಿದ್ದ, ಫೋನೂ ಅವನ ಜೊತೆಗೇ ಹೋಗಿತ್ತು.

ನಾನು ಎಂದಿನ ಪಾಠ ಒಪ್ಪಿಸಿದೆ. ಅವಳು ಜೋಳ ಆರಿಸುವುದನ್ನು ನಿಲ್ಲಿಸಿ ಕೇಳಿದಳು.

"ಫೋನ್ ಹಚ್ಚೋರು ಹೆಣ್ಣಮಕ್ಕಳೇನ್ರಿ?"

"ಹೌದವ್ವಾ, ಹೆಣ್ಣಮಗಳೇ."

"ಆಕಿ ಈ ಕಡೆ ಬರ್ತಾಳೇನ್ರಿ ಯಾವಾಗರ?"

"ಇಲ್ಲ. ನಾನೇ ಆಕಿ ಮಾರಿ ನೋಡಿಲ್ಲ."

ಅವಳ ಮುಖದ ಬಿಗಿ ಸಡಿಲವಾಯಿತು. ಅತ್ತೆ ಮಲಗಿದ ಕಡೆ ಒಮ್ಮೆ ನೋಡಿ, ಸೆರಗನ್ನು ಬಿಗಿಯಾಗಿ ಎಳೆದುಕೊಂಡು, ಎಡ ಎದೆಯ ಬದಿಗೆ ಅಂಗೈ ಇಟ್ಟಳು. "ಇಲ್ಲೊಂದು ಗಂಟು ಆಗ್ಯಾದ್ರಿ" ಎಂದಳು, ತುಟಿಯಷ್ಟೇ ಅಲುಗಿತು. "ಯಾರಿಗೂ ಹೇಳಿಲ್ಲ. ನಿಮಗೂ ಇದಕ್ಕಿಂತ ಹೆಚ್ಚು ಹೇಳಂಗಿಲ್ಲ. ನಾಳೆ ಸಂತ್ಯಾಗ ನಿಮ್ಮ ಮಾರಿ ಕಂಡರ ನನಗ ನಾಚಿಕಿ ಆಗತದ. ಮಾರಿ ಇಲ್ಲದಾಕಿಗಿ ಎಲ್ಲಾ ಹೇಳ್ತೀನಿ."

ನಿಯಮ ಗಿಯಮ ಮರೆತು, "ದವಾಖಾನಿಗಿ ಹೋಗಬಾರದೇನವ್ವಾ?" ಎಂದೆ.

"ಮನ್ಯಾಗ ಏನಂತ ಹೇಳಿ ಹೋಗ್ಲಿರಿ? ಬ್ಯಾನಿ ಇಲ್ಲ, ಜ್ವರ ಇಲ್ಲ. ಆ ಫೋನಿನಾಕಿ ಹೋಗು ಅಂದಳಂದ್ರ, ಹಿಂಗಂದಾರ ನೋಡ್ರಿ ಅಂತ ನನ್ನ ಗಂಡಗ ಹೇಳಾಕ ಒಂದು ಮಾತಾಗತದ."

ಅವಳ ಆಸೆಯೆಲ್ಲ ಆ ಒಂದು ಫೋನಿನ ಮೇಲೆ ನಿಂತಿತ್ತು. ನನಗದು ಚೆನ್ನಾಗಿ ತಿಳಿದಿತ್ತು. ಹೊತ್ತು ಯಾವುದು ಹಾಕಲಿ ಎಂದು ಕೇಳಿದ್ದಕ್ಕೆ ಅವಳೂ, "ಅದೇನು ನಿಮ್ಮ ಆಫೀಸಿನವರು ಹೇಳಿದಾಂಗ ಹಾಕ್ರಿ" ಎಂದಳು. ನಾನು ಸಂಜೆಗೆ ಗುರುತು ಹಾಕಿದೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅವಳು ಜೋಳದ ಡಬ್ಬಿಯ ಮುಚ್ಚಳದಡಿ ಇಟ್ಟಳು. ಹೊರಗೆ ಬಂದು ಹಳಿ ದಾಟುವಾಗ ನನ್ನ ಮನಸ್ಸು ಹಗುರಾಗಿತ್ತು. ಇನ್ನೇನು, ಎರಡು ಮೂರು ದಿನದಲ್ಲಿ ಆ ಮೆತ್ತನೆಯ ಧ್ವನಿ ಬರುತ್ತದೆ, ಇವಳು ಹೇಳಿಕೊಳ್ಳುತ್ತಾಳೆ, ದವಾಖಾನೆಗೆ ಹೋಗುತ್ತಾಳೆ ಎಂದುಕೊಂಡು ಬಸ್ಸಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಹೊಡೆದೆ.

ತೊಗರಿ ಹೂ ಉದುರಿ ಕಾಯಾಯಿತು, ಕಾಯಿ ಒಣಗಿ ಕಟಾವಿಗೆ ಬಂತು. ನಾನು ಐದು ಊರುಗಳ ನಡುವೆ ಸುತ್ತುತ್ತಲೇ ಇದ್ದೆ. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ ಯಂತ್ರಗಳ ಸದ್ದು, ಚಿಂಚೋಳಿಯಲ್ಲಿ ಕನ್ನಡದ ನಡುನಡುವೆ ಇಣುಕುವ ತೆಲುಗು, ಚಿತ್ತಾಪುರದಲ್ಲಿ ಜಗಲಿಯ ಮೇಲೆ ಒಣಗುವ ಮೆಣಸಿನಕಾಯಿ, ಎಲ್ಲ ಒಂದರೊಳಗೊಂದು ಬೆರೆತು, ಯಾವ ಮಾತು ಯಾವ ಊರಲ್ಲಿ ಕೇಳಿದ್ದು ಎಂಬುದೇ ಗೊತ್ತಾಗದಂತಿತ್ತು.

ಅಷ್ಟರಲ್ಲಿ ಒಂದು ದಿನ ಬೆಂಗಳೂರಿನ ಆಫೀಸಿನಿಂದ ಮೇಲ್ವಿಚಾರಕರ ಫೋನ್ ಬಂತು. ದಕ್ಷಿಣದ ಕಡೆಯ ಮನುಷ್ಯ, ಮೃದುವಾಗಿಯೇ ಚುಚ್ಚುವುದು ಅವರ ರೂಢಿ.

"ಏನ್ ಮೇಡಂ, ನಿಮ್ಮ ಕಡೆಯವರೆಲ್ಲ ಪೈಲ್ವಾನರಾ?"

"ಯಾಕ್ರಿ ಸರ್?"

"ಯಾರನ್ನ ಕೇಳಿದ್ರೂ ಆರಾಮ ಅದೀವಿ ಅಂತಾರಂತೆ. ಮಂಡಿನೋವಿಲ್ಲ, ಕೆಮ್ಮಿಲ್ಲ, ಏನೂ ಇಲ್ಲ. ಎರಡು ನಿಮಿಷದಲ್ಲಿ ಫೋನ್ ಇಡ್ತಾರೆ. ನೀವು ನಿಜವಾಗ್ಲೂ ಆ ಮನೆಗಳಿಗೆ ಹೋಗಿದೀರಾ, ಇಲ್ಲ ಮರದ ಕೆಳಗೆ ಕೂತು ನಂಬರ್ ತುಂಬಿದ್ರಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಬಿಸಿಲಲ್ಲಿ ಚಪ್ಪಲಿ ಸವೆಸಿದವಳಿಗೆ ಈ ಮಾತೇ? "ನನ್ನ ಚಪ್ಪಲ್ ಕಳಸ್ತೀನಿ ಸರ್, ಅದರ ಧೂಳು ನೋಡಿ ನೀವೇ ಹೇಳ್ರಿ" ಎಂದು ಫೋನ್ ಇಟ್ಟುಬಿಟ್ಟೆ. ಆದರೆ ಒಳಗೊಳಗೆ ಗಾಬರಿಯೂ ಆಯಿತು. ಮಧ್ಯಾಹ್ನ ಆ ಮನೆಗಳಲ್ಲಿ ನಾನು ಕಂಡದ್ದು ಬೇರೆಯೇ. ಗೂಡಿನಲ್ಲಿ ಸಕ್ಕರೆ ಕಾಯಿಲೆಯ ಗುಳಿಗೆ, ಕಿಟಕಿಯಲ್ಲಿ ಕೆಮ್ಮಿನ ಔಷಧಿಯ ಬಾಟಲಿ, ಮೊಣಕಾಲಿಗೆ ಎಣ್ಣೆಪಟ್ಟಿ. ಇವರೆಲ್ಲ ಸಂಜೆಯಾದರೆ ಹೇಗೆ ಆರಾಮಾದರು?

ಉತ್ತರ ಸಿಕ್ಕಿದ್ದು ಅದೇ ದಿನ, ನಮ್ಮ ಮನೆಯಲ್ಲಿ. ದೇವರ ಮುಂದೆ ದೀಪ ಹಚ್ಚಲು ಕಡ್ಡಿ ಗೀರಿದ್ದೆ. ನಮ್ಮವರು, ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದವರು, ಪಡಸಾಲೆಯಲ್ಲಿ ಕಾಲು ಚಾಚಿ, "ಇವತ್ತ ಮಣಕಾಲು ಭಾಳ ಸೇದಾಕತ್ತಾವ" ಎಂದರು.

"ದೀಪ ಹಚ್ಚೋ ಹೊತ್ತಿನ್ಯಾಗ ಬ್ಯಾನಿ ಮಾತು ಆಡಬ್ಯಾಡ್ರಿ! ಎಷ್ಟು ಸಲ ಹೇಳಬೇಕು ನಿಮಗ?" ಎಂದು ನಾನು ಗದರಿದೆ.

ಗದರಿದವಳು ಹಾಗೇ ನಿಂತೆ. ಕಡ್ಡಿ ಉರಿದು ಬೆರಳು ಸುಟ್ಟಿತು.

ಆ ಹೊತ್ತಿನಲ್ಲಿ ಜಡ್ಡಿನ ಹೆಸರು ಎತ್ತಬಾರದು, ಎತ್ತಿದರೆ ಅದು ಮನೆಯಲ್ಲೇ ನಿಲ್ಲುತ್ತದೆ ಎಂದು ನನ್ನ ತಾಯಿ ಹೇಳಿದ್ದಳು, ಅವಳಿಗೆ ಅವಳ ತಾಯಿ. ಈ ಕಡೆ ಯಾವ ಮನೆಗೆ ಹೋದರೂ ಇದೇ ಮಾತು. ದಿನಾ ಸಂಜೆ ನಾನೇ ಪಾಲಿಸುವ ನೇಮ. ಆದರೂ ಚೀಟಿಯ ಮೇಲೆ ಪೆನ್ನು ಆಡಿಸುವಾಗ ಅದು ನೆನಪಿಗೇ ಬರಲಿಲ್ಲ. ಬೆಂಗಳೂರಿನ ಮೇಲ್ವಿಚಾರಕರಿಗೆ ತಿಳಿಯದಿದ್ದರೆ ಕ್ಷಮೆಯುಂಟು. ನನಗೇನಾಗಿತ್ತು ಧಾಡಿ? ಮನೆಮನೆಯಲ್ಲೂ ದೀಪದ ಮುಂದೆ ಫೋನ್ ಬಾರಿಸಿ, ನಿಮಗೇನು ಕಾಯಿಲೆ ಎಂದು ಕೇಳಿಸಿದ್ದೆ. ಆರಾಮ ಅದೀವಿ ಎನ್ನದೆ ಅವರು ಇನ್ನೇನು ಹೇಳಿಯಾರು?

ಮರುಕ್ಷಣವೇ ವಾಡಿಯವಳು ನೆನಪಾದಳು.

ಬೆಳಗ್ಗೆ ಮೇಲ್ವಿಚಾರಕರಿಗೆ ನಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು, "ಇದು ಯಾವ ಪುಸ್ತಕದಲ್ಲೂ ಇರಲಿಲ್ಲ ಮೇಡಂ" ಎಂದರು. ಇನ್ನು ಮುಂದಿನ ಮನೆಗಳಿಗೆಲ್ಲ ಮಧ್ಯಾಹ್ನವೇ, ಮನೆಯಲ್ಲಿ ಫೋನಿಲ್ಲದಿದ್ದರೆ ನಾನು ಅಲ್ಲಿರುವಾಗ ನನ್ನ ನಂಬರಿಗೇ, ಫೋನ್ ಮಾಡಿಸಲು ಒಪ್ಪಿದರು. ಆದರೆ ಒಮ್ಮೆ ಮಾತು ಮುಗಿಸಿದ ಮನೆಗೆ ತಾವಾಗಿ ಮತ್ತೆ ಫೋನ್ ಮಾಡುವಂತಿಲ್ಲ, ಅವರೇ ಕೇಳಿದರೆ ಮಾತ್ರ, ಅದು ನಿಯಮ ಎಂದರು. ಇಷ್ಟವಿದ್ದರೆ ಮಾತ್ರ ಎಂದು ಊರೆಲ್ಲ ಸಾರಿದವಳು ನಾನೇ ಆಗಿದ್ದರಿಂದ ವಾದ ಮಾಡಲು ಬಾಯಿರಲಿಲ್ಲ. ಸೀದಾ ವಾಡಿಗೆ ಹೊರಟೆ. ಆ ದಿನ ಬಸ್ಸಿನಲ್ಲಿ ಕಣ್ಣು ಮುಚ್ಚಲಿಲ್ಲ.

ಅತ್ತೆ ಅವತ್ತೂ ಗೋಡೆ ಕಡೆ ತಿರುಗಿ ಮಲಗಿದ್ದಳು. ಸೊಸೆ ನನ್ನನ್ನು ಕಂಡು ಗಾಬರಿಯಿಂದ ಎದ್ದಳು. ಫೋನ್ ಬಂದಿತ್ತಲ್ಲ ಎಂದೆ.

"ಬಂದಿತ್ರಿ. ಆಗಷ್ಟೇ ದೀಪ ಹಚ್ಚಿದ್ದೆ, ಅತ್ತಿ ದೀಪದ ಮುಂದ ಕುಂತಿದ್ರು. ಆಕಿ ಭಾಳ ಚಂದ ಮಾತಾಡಿದ್ಲು. ಆದರ ಆ ಹೊತ್ತಿನ್ಯಾಗ ಬಾಯಿ ಹೆಂಗ ಬಿಡ್ಲಿರಿ? ಆರಾಮ ಅದೀನಿ ಅಂದೆ." ಸೆರಗು ಎಳೆದುಕೊಂಡು, "ಮತ್ತ ಹಚ್ಚತಾರೇನೋ ಅಂತ ಎಷ್ಟೋ ದಿನ ಹಾದಿ ನೋಡಿದೆ. ಹಚ್ಚಲಿಲ್ಲ" ಎಂದಳು.

"ಈಗ ಹಚ್ಚಿಸಲೇನು? ನಿನಗ ಇಷ್ಟ ಇದ್ರ."

ಅವಳು ಹೂಂ ಎಂದು ತಲೆಯಾಡಿಸಿದಳು. ನನ್ನದೇ ಫೋನಿನಿಂದ ಆಫೀಸಿಗೆ ಅವಳ ಬಾಯಲ್ಲೇ ಕೇಳಿಸಿದೆ. ಅರ್ಧ ಗಂಟೆಯಲ್ಲಿ ಇದೇ ನಂಬರಿಗೆ ಮಾಡುತ್ತೇವೆ ಎಂದರು. ಫೋನು ರಿಂಗಾದಾಗ ಅವಳು ಅದನ್ನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ಕದ ಮುಚ್ಚಿಕೊಂಡಳು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ.

ಎಷ್ಟು ಹೊತ್ತು ಕೂತಿದ್ದೆನೋ. ಬೇವಿನ ನೆರಳು ನನ್ನ ಕಾಲಿನಿಂದ ಸರಿದು ಚರಂಡಿ ದಾಟಿತು. ಒಂದು ಗೂಡ್ಸ್ ಗಾಡಿ ಬಂತು, ಅದರ ಡಬ್ಬಿಗಳು ಮುಗಿಯುವುದೇ ಇಲ್ಲವೇನೋ ಎಂಬಂತೆ ಹೋಗುತ್ತಲೇ ಇತ್ತು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ, ನಡುನಡುವೆ ಅವಳ ಹೂಂಗುಡುವಿಕೆ ಮಾತ್ರ. ನನಗೆ ಆ ಮಧ್ಯಾಹ್ನವೇ ನೀರಿನೊಳಗೆ ಇದ್ದ ಹಾಗಿತ್ತು. ಗಾಡಿ, ಧೂಳು, ಬೇವು, ನಾನು, ಎಲ್ಲ ನಿಧಾನ. ದೇವರೇ, ಹೇಳಲಿ, ಎಲ್ಲ ಹೇಳಲಿ ಎಂದು ಬೇಡಿಕೊಂಡೆ.

ಅವಳು ಬಂದು ಫೋನ್ ಕೊಟ್ಟಾಗ ಅದು ಬೆಚ್ಚಗಿತ್ತು.

"ಹೇಳೀನ್ರಿ. ಕಲಬುರಗಿ ದೊಡ್ಡ ದವಾಖಾನಿಗಿ ಈ ವಾರದಾಗೇ ಹೋಗು ಅಂದಾಳ." ಆಮೇಲೆ, ನಾನು ಕೇಳದಿದ್ದರೂ, ನನ್ನ ಬಲಗೈ ಹಿಡಿದು ಸೆರಗಿನಡಿ ಆ ಜಾಗಕ್ಕೆ ಒತ್ತಿಕೊಂಡಳು. "ಇನ್ನ ನಿಮ್ಮ ಮುಂದ ಯಾತರ ನಾಚಿಕಿ. ನೋಡ್ರಿ. ಮೊದಲ ನೀವು ಬಂದಾಗ ಜ್ವಾಳದ ಕಾಳಿನಷ್ಟಿತ್ತು."

ನನ್ನ ಬೆರಳಿಗೆ ಸಿಕ್ಕಿದ್ದು ಕಡಲೆಕಾಳಿಗಿಂತ ದೊಡ್ಡದಿತ್ತು. ಗಟ್ಟಿಯಾಗಿತ್ತು, ಒತ್ತಿದರೆ ಸರಿಯುತ್ತಿರಲಿಲ್ಲ.

"ಈ ವಾರ ಅಲ್ಲ, ಈಗ. ಸೀರಿ ಬದಲಿ ಮಾಡು" ಎಂದೆ. ಅವಳು ಅತ್ತೆಯನ್ನು ಎಬ್ಬಿಸಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಎಲ್ಲ ಹೇಳಿದಳು. ಮುದುಕಿ ಬೈದಾಳೆಂದು ನಾನು ಸಿದ್ಧಳಾಗಿ ನಿಂತಿದ್ದೆ. ಮುದುಕಿ ಬೈಯಲಿಲ್ಲ. "ನನಗ ಹೇಳಬಾರದಾಗಿತ್ತೇನು ಹುಚ್ಚಿ, ನಾನೇನು ಹೆಂಗಸಲ್ಲೇನು?" ಎಂದು ಸೊಸೆಯ ತಲೆ ತಡವಿ, ತಾನೇ ಅವಳ ಚೀಲಕ್ಕೆ ಎರಡು ರೊಟ್ಟಿ ಕಟ್ಟಿಟ್ಟಳು. ಗಂಡನಿಗೆ ರೈಲಿನಿಂದ ಫೋನ್ ಹಚ್ಚಿದೆವು. ಅವನು ಕೆಲಸ ಬಿಟ್ಟು ನಮ್ಮ ಹಿಂದಿನ ಗಾಡಿಗೆ ಕಲಬುರಗಿಗೆ ಬಂದ.

ಮುಂದಿನದನ್ನು ಬಹಳ ಬೆಳೆಸುವುದಿಲ್ಲ. ಆಪರೇಷನ್ ಆಯಿತು. ಇನ್ನೂ ಸಣ್ಣದಿದ್ದಾಗ ಬಂದಿದ್ದರೆ ಗಂಟಷ್ಟೇ ತೆಗೆದು ಬಿಡಬಹುದಿತ್ತೇನೋ, ಈಗ ಆ ಎದೆಯನ್ನೇ ಪೂರ್ತಿ ತೆಗೆಯಬೇಕಾಯಿತು ಎಂದು ಡಾಕ್ಟರಮ್ಮ ಹೇಳಿದಾಗ ಪಕ್ಕದಲ್ಲಿ ನಾನೂ ಇದ್ದೆ. ಅವಳು ಗೋಣು ಹಾಕಿ ಕೇಳಿಸಿಕೊಂಡಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ಈಗ ಅವಳು ಓಡಾಡಿಕೊಂಡಿದ್ದಾಳೆ. ಉದುರಿದ ಕೂದಲು ಮತ್ತೆ ಬರುತ್ತಿದೆ. ಮೊನ್ನೆ ನೋಡಿ ಬರಲು ಹೋದಾಗ ಓಣಿಯ ನಾಲ್ಕು ಹೆಂಗಸರನ್ನು ಕರೆದು ನನ್ನನ್ನು ನಡುವೆ ಕೂರಿಸಿ, "ನನ್ನ ಜೀವಾ ಉಳಿಸಿದಾಕಿ ಇವರೇ ನೋಡ್ರಿ" ಎಂದು ನನ್ನ ಬಲಗೈಯನ್ನು ತನ್ನ ಕಣ್ಣಿಗೊತ್ತಿಕೊಂಡಳು. "ಆ ಆಫೀಸಿನವರಿಗಿ ಏನು ತಿಳಿತದ, ದೀಪದ ಹೊತ್ತಿನ್ಯಾಗ ಫೋನ್ ಹಚ್ಚಿ ಎರಡು ತಿಂಗಳು ಕೆಡಿಸಿದ್ರು. ನಮ್ಮ ಅಕ್ಕಗ ತಿಳೀತು, ಓಡಿ ಬಂದ್ಲು."

ಹೆಂಗಸರೆಲ್ಲ ಆಫೀಸಿನವರನ್ನು ಬೈದರು. ಹೇಳಬೇಕು ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಚಹಾ ತಂದಳು, ನಾನು ಕುಡಿದು ಎದ್ದು ಬಂದೆ. ಸಂಜೆಯ ಖಾನೆ ಆರಿಸಿ ಗುರುತು ಹಾಕಿದ್ದು ಆಫೀಸಿನವರಲ್ಲ, ಅವಳು ಕಣ್ಣಿಗೊತ್ತಿಕೊಂಡ ಇದೇ ಕೈ ಎಂದು ಅವಳಿಗೆ ನಾನು ಇನ್ನೂ ಹೇಳಿಲ್ಲ.